ತಳದ ಗೂಡು

ರಾಮನಗರ
12 ಆಗಸ್ಟ್ 2024

ಕೈಲಾಂಚದ ಹಿಪ್ಪುನೇರಳೆ ತೋಟಗಳ ಒಡೆಯ, ಎಂಟನೇ ಕ್ಲಾಸಿನಲ್ಲಿ ನನ್ನ ಲೆಕ್ಕ ನೋಡಿ ಬರೆದು ನನಗಿಂತ ಹೆಚ್ಚು ಅಂಕ ತೆಗೆದ ಮಹಾನುಭಾವ ಶ್ರೀಮಾನ್ ಬೋರಲಿಂಗಯ್ಯನವರಿಗೆ, ಗೂಡು ಬೇಯಿಸಿ ರೇಷ್ಮೆ ಎಳೆ ತೆಗೆಯುವ ರೀಲರ್ ಗೌಸ್ ಮಾಡುವ ಸಲಾಮು.

ನಾನು ಇಲ್ಲಿ ಕ್ಷೇಮ. ನಿನ್ನ ಕ್ಷೇಮದ ಬಗ್ಗೆ ನನಗೆ ನಾಲ್ಕು ವರ್ಷದಿಂದ ಕುತೂಹಲ ಇರಲಿಲ್ಲ, ಈಗಲೂ ಇಲ್ಲ. ಬರೆಯುತ್ತಿರುವುದು ನಿನ್ನ ಹೆಂಡತಿ ಮಾಯಕ್ಕನ ವಿಷಯಕ್ಕೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಿನ್ನನ್ನು ಬೈಯಲು ಶುರುಮಾಡಿದರೆ ಮೂರನೇ ಮಾತಿಗೆ ನನ್ನ ಉಸಿರು ಮುಗಿಯುತ್ತದೆ, ಉಳಿದ ಬೈಗುಳ ಒಳಗೇ ಕೊಳೆಯುತ್ತದೆ. ಬರೆದರೆ ಉಸಿರು ಖರ್ಚಿಲ್ಲ. ಮುನಿಕೃಷ್ಣನ ಲಗೇಜ್ ಆಟೋ ಹೇಗೂ ನಿಮ್ಮೂರಿನ ರೇಷ್ಮೆಗೂಡು ತುಂಬಿಕೊಂಡು ಮಾರುಕಟ್ಟೆಗೆ ಬರುತ್ತದೆ, ಖಾಲಿ ಹಿಂದಿರುಗುತ್ತದೆ. ಒಂದು ಲಕೋಟೆಯ ಭಾರಕ್ಕೆ ಅದರ ಟೈರೇನೂ ಒಡೆಯುವುದಿಲ್ಲ.

ಕಳೆದ ಮಂಗಳವಾರ ದೊಡ್ಡಾಸ್ಪತ್ರೆಯಲ್ಲಿ, ಎದೆರೋಗದ ವಿಭಾಗದ ಮುಂದೆ ಮಾಯಕ್ಕ ಗೋಡೆ ಹಿಡಿದು ನಿಂತಿದ್ದರು. ಚೆನ್ನಾಗಿದ್ದೀರಾ ಅಕ್ಕ ಎಂದೆ. ಉತ್ತರ ಕೊಡಲು ಅವರಿಗೆ ಉಸಿರಿರಲಿಲ್ಲ, ಮತ್ತೆ ಕೇಳಲು ನನಗಿರಲಿಲ್ಲ. ಇಬ್ಬರೂ ರಾಯಭಾರಿಗಳ ಹಾಗೆ ತಲೆಯಾಡಿಸಿ ಬೀಳ್ಕೊಂಡೆವು. ಅವರ ಎದೆಗೆ ಹೊಕ್ಕಿದ್ದು ನಿಮ್ಮ ಮನೆಯ ಸೌದೆಯ ಹೊಗೆ. ನನ್ನ ಎದೆಗೆ ಹೊಕ್ಕಿದ್ದು ಗೂಡು ಬೇಯಿಸುವ ಒಲೆಯ ಹೊಗೆ, ಬೇಸಿನ್ನಿನ ಆವಿ; ನಲವತ್ತೆರಡು ವರ್ಷದ್ದು. ರೋಗಕ್ಕೆ ಮಾತ್ರ ಒಂದೇ ಹೆಸರು.

ಅಲ್ಲಿ ಡಾಕ್ಟರ್ ಪ್ರತಿಮಾ ಅಂತ ಇದ್ದಾರೆ. ನಮ್ಮಂಥವರನ್ನು ಸೇರಿಸಿಕೊಂಡು ಒಂದು ಅಧ್ಯಯನ ಮಾಡುತ್ತಿದ್ದಾರೆ. ತಿಂಗಳಿಗೊಮ್ಮೆ ರಕ್ತ ತೆಗೆಯುತ್ತಾರೆ. ಉಬ್ಬಸ ಜೋರಾಗಿ ಎದ್ದ ದಿನ, ಮಾತ್ರೆ ನುಂಗುವ ಮೊದಲೇ, ಇನ್ನೊಮ್ಮೆ. ಎರಡನ್ನೂ ಪಕ್ಕದಲ್ಲಿಟ್ಟು, ಉಬ್ಬಸ ಏಳುವ ಸುಳಿವು ರಕ್ತದಲ್ಲಿ ಮೊದಲೇ ಸಿಗುತ್ತದೆಯೇ, ಯಾರಿಗೆ ಯಾವ ಔಷಧಿ ನಾಟುತ್ತದೆ ಎಂದು ನೋಡುತ್ತಾರಂತೆ. ಇಯೋಸಿನೋಫಿಲ್ ಎಂಬ ಒಂದು ಜಾತಿಯ ಕಣ ಇದೆ, ಅದನ್ನು ಎಣಿಸುತ್ತಾರೆ. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ನಾನು ಎರಡು ಸಲ ಉಸಿರು ತೆಗೆದುಕೊಳ್ಳಬೇಕು.

ಮಾಯಕ್ಕನನ್ನೂ ಸೇರಿಸು. ಸೂಜಿಗೆ ಹೆದರಬೇಡಿ ಎಂದು ಹೇಳು. ನನ್ನ ರಕ್ತ ಮೊದಲ ತಿಂಗಳೇ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದೆ.

ನಿನ್ನ ಮೇಲಿನ ಸಿಟ್ಟು ಹಾಗೇ ಇಟ್ಟುಕೊಂಡಿರುವ,
ಗೌಸ್

*

ಕೈಲಾಂಚ
29 ಆಗಸ್ಟ್ 2024

ಗೌಸ್‌ಗೆ,

ನಾವು ಕ್ಷೇಮ. ಮಾಯಮ್ಮನನ್ನು ಸೇರಿಸಿದೆ. ರಕ್ತ ತೆಗೆಯುವಾಗ ಅವಳು ಹೆದರಲಿಲ್ಲ, ನಾನು ಆಚೆ ಬಂದು ನಿಂತೆ.

ನಿನ್ನ ಕಾಗದ ಅವಳಿಗೆ ಓದಿ ಹೇಳಿದೆ. ನಕ್ಕಳು, ಕೆಮ್ಮಿದಳು, ಆಮೇಲೆ ಒಂದು ಮಾತು ಹೇಳಿದಳು. "ಅವಯ್ಯ ನನ್ ನೋಡಿ ನಗ್ತಾ ನಿಂತಿದ್ದ ಕಣಪ್ಪ, ಆದ್ರೆ ಭುಜ ಎರಡೂ ಕಿವಿಗಂಟ ಏರ್ತಿದ್ವು." ಫಸ್ಟ್ ಕ್ಲಾಸಿನಲ್ಲಿ ಪಾಸಾದವನ ಭುಜ ಯಾಕೆ ಏರುತ್ತದೋ ನನಗೆ ತಿಳಿಯದು. ನಾನು ನೋಡಿ ಬರೆದು ಪಾಸಾದವನು.

ಸಿಟ್ಟು ನಿನಗೊಬ್ಬನಿಗೇ ಇಲ್ಲ. ನಾಲ್ಕು ವರ್ಷದ ಹಿಂದೆ ಮಾರುಕಟ್ಟೆಯಲ್ಲಿ, ಅಷ್ಟು ಜನರ ನಡುವೆ, ಹರಾಜಿಗಿಟ್ಟ ನನ್ನ ಗೂಡಿನ ಲಾಟಿಗೆ ಮೊಣಕೈವರೆಗೆ ಕೈ ತೂರಿಸಿ ತಳದ ಗೂಡು ಎತ್ತಿ ಹಿಡಿದು ನೀನು ಆಡಿದ ಮಾತು ನನಗೆ ನೆನಪಿದೆ. "ಮೇಲೆ ಮದ್ವೆ ಮನೆ, ಕೆಳಗೆ ಮಸಣ ಕಣ್ಲಾ ಬೋರ." ನನ್ನ ಲಾಟು ಮೇಲೂ ಕೆಳಗೂ ಒಂದೇ ಇತ್ತು ಎಂದು ಅವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ. ಅವತ್ತಿನಿಂದ ನಾನು ಮಾರುಕಟ್ಟೆಯ ಮೆಟ್ಟಿಲು ಹತ್ತಿಲ್ಲ. ನನ್ನ ಗೂಡನ್ನು ಮುನಿಕೃಷ್ಣನೇ ಒಯ್ಯುತ್ತಾನೆ.

ಮಾಯಮ್ಮನ ವಿಷಯಕ್ಕೆ ಉಪಕಾರವಾಯಿತು.

ಬೋರಲಿಂಗಯ್ಯ

*

ರಾಮನಗರ
21 ಅಕ್ಟೋಬರ್ 2024

ಮೇಲೂ ಕೆಳಗೂ ಒಂದೇ ಆಗಿರುವ ಪುಣ್ಯಪುರುಷ ಬೋರಲಿಂಗಯ್ಯನವರಿಗೆ,

ನಾನು ಇಲ್ಲಿ ಕ್ಷೇಮ. ಉತ್ತರ ತಡವಾಯಿತು. ಕೆಲಸ ಹೆಚ್ಚಿತ್ತು ಎಂದು ತಿಳಿದುಕೋ.

ರಕ್ತ ಕೊಡಲು ಹೋಗುವ ದಿನದ ನನ್ನ ವೈಭವವನ್ನು ನೀನು ನೋಡಬೇಕಿತ್ತು. ಬಿಸಿನೀರಿನ ಸ್ನಾನ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿವಿಯ ಹಿಂದೆ ಒಂದು ಹನಿ ಅತ್ತರು. ಅಳಿಯ ಮಾವನ ಮನೆಗೆ ಹೊರಟಂತೆ ಹೊರಡುತ್ತೀರಿ ಎಂದು ನಮ್ಮ ಮನೆಯಾಕೆ ಹಫೀಜಾ ಛೇಡಿಸುತ್ತಾಳೆ. ಇರಲಿ. ಆಸ್ಪತ್ರೆಗೆ ನಾವು ಕೊಡುವುದು ನಮ್ಮ ಮೈಯ ಸರಕು. ಅದನ್ನು ನಾಲ್ಕು ಜನ ನೋಡುತ್ತಾರೆ, ಗಾಜಿನ ಪಟ್ಟಿಯ ಮೇಲೆ ಸವರಿ ಯಂತ್ರದ ಕೆಳಗಿಟ್ಟು ನೋಡುತ್ತಾರೆ. ಚೆನ್ನಾಗಿರುವ ದಿನ ನೋಡಿಕೊಂಡೇ ಹೋಗಬೇಕು.

ಕಳೆದ ತಿಂಗಳು ಮೂರು ದಿನ ಸ್ವಲ್ಪ ತೊಂದರೆಯಾಯಿತು. ಹಳೆಯ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ತಂದ ಬಿಳಿ ಮಾತ್ರೆ ಮನೆಯಲ್ಲಿದೆ. ಐದು ದಿನ ನುಂಗಿದೆ. ಆರನೇ ದಿನ ಅತ್ತರು ಹಾಕಿಕೊಂಡು ಹೋಗಿ ಕೈ ಚಾಚಿದೆ. ಡಾಕ್ಟರಮ್ಮ ನನ್ನ ಪುಟದಲ್ಲಿ 'ಉಬ್ಬಸ ಇಲ್ಲ, ಸ್ಥಿರ' ಎಂದು ಬರೆದರು. ನಮ್ಮ ಮೇಷ್ಟ್ರುಗಳು ಯಾರೂ ನನ್ನ ಬಗ್ಗೆ ಅಷ್ಟು ಒಳ್ಳೆಯ ಮಾತು ಬರೆದಿರಲಿಲ್ಲ.

ನಿನಗೊಬ್ಬನಿಗೆ ಹೇಳುತ್ತೇನೆ. ಮೊದಲ ದಿನವೇ ಅವರು ಒಂದು ಮಾತು ಹೇಳಿದ್ದರು: ಇನ್ನೊಂದು ಸಲ ಜೋರಾಗಿ ಎದ್ದರೆ ಒಲೆಯ ಮುಂದೆ ಕೂರುವುದನ್ನು ಬಿಡಬೇಕು ಎಂದು. ಒಲೆ ಬಿಟ್ಟು ಎಲ್ಲಿ ಕೂರಲಿ? ಕುದಿಯುವ ನೀರಿಗೆ ಬೆರಳು ಅದ್ದಿ ಎಳೆಯ ತುದಿ ಹುಡುಕುವುದೊಂದೇ ನನಗೆ ಬರುವುದು. ಆದ್ದರಿಂದ ಉಬ್ಬಸ ಜೋರಾಗಿ ಏಳುವುದಿಲ್ಲ. ಎದ್ದರೂ ಪುಸ್ತಕದಲ್ಲಿ ಏಳುವುದಿಲ್ಲ.

ಮಾಯಕ್ಕನಿಗೆ ನನ್ನ ನಮಸ್ಕಾರ. ಭುಜದ ವಿಷಯ ಅವರೇನೋ ತಪ್ಪು ನೋಡಿದ್ದಾರೆ.

ಗೌಸ್

*

ಕೈಲಾಂಚ
18 ನವೆಂಬರ್ 2024

ಗೌಸ್,

ಹೋದ ವಾರ ಮಾಯಮ್ಮನಿಗೆ ಜೋರಾಗಿ ಎದ್ದಿತು. ಬೆಳಿಗ್ಗೆ ನಾನು ಹಾಲು ಕರೆದು ಡೇರಿಗೆ ಹಾಕಿ ಬರುವಷ್ಟರಲ್ಲಿ ಹಟ್ಟಿ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು, ತುಟಿ ನೇರಳೆ ಬಣ್ಣ. ಮುನಿಕೃಷ್ಣ ಗೂಡಿನ ಕ್ರೇಟು ಇಳಿಸಿ ಅವಳನ್ನು ಆಟೋದಲ್ಲಿ ಕೂರಿಸಿಕೊಂಡ. ಮಾತ್ರೆ ಕೊಡಲೇ ಎಂದೆ, ಬೇಡ ಎಂದು ಕೈಯಾಡಿಸಿದಳು. ಡಾಕ್ಟರಮ್ಮ ಹೇಳಿದ್ದನ್ನು ನನಗಿಂತ ಅವಳು ಚೆನ್ನಾಗಿ ಕೇಳಿಸಿಕೊಂಡಿದ್ದಾಳೆ.

ಆಸ್ಪತ್ರೆಯಲ್ಲಿ ಎರಡು ನಿಮಿಷದಲ್ಲಿ ರಕ್ತ ತೆಗೆದರು, ಕೂಡಲೇ ಔಷಧಿ ಶುರು ಮಾಡಿದರು. ಎಣಿಕೆ ಬಂದಾಗ ಆ ಕಣಗಳು ಮಾಮೂಲಿಗಿಂತ ಬಹಳ ಮೇಲಿದ್ದವಂತೆ. ಹಾಗಿದ್ದವರಿಗೆ ಯಾವ ಮಾತ್ರೆ ನಾಟುತ್ತದೋ ಅದನ್ನೇ ಸರಿಯಾದ ಅಳತೆಯಲ್ಲಿ ಕೊಟ್ಟರು. ನಾಲ್ಕನೇ ದಿನ ಮನೆಗೆ ಬಂದು ನನ್ನನ್ನು ರಾಗಿ ಬೀಸಿಸಿಕೊಂಡು ಬಾ ಎಂದು ಕಳಿಸಿದಳು.

ನಾನು ಡಾಕ್ಟರಮ್ಮನನ್ನು ಒಂದು ಮಾತು ಕೇಳಿದೆ. ಮಾತ್ರೆ ನುಂಗಿ ಆಮೇಲೆ ಬಂದು ರಕ್ತ ಕೊಟ್ಟರೆ ಏನಾಗುತ್ತದೆ ಎಂದು. ಯಾರ ಹೆಸರೂ ಹೇಳಲಿಲ್ಲ. ಅವರು ಹೇಳಿದ್ದು ಇದು: "ಆ ಮಾತ್ರೆಗೆ ಕಣಗಳು ಇಳಿದುಹೋಗ್ತವೆ ಯಜಮಾನ್ರೇ. ಆಮೇಲೆ ತೆಗೆದ ರಕ್ತ ಈ ಮನುಷ್ಯ ಚೆನ್ನಾಗಿದ್ದಾನೆ ಅನ್ನುತ್ತೆ. ಅದನ್ನ ನಂಬಿ ನಾವು ಔಷಧಿ ಕಡಿಮೆ ಮಾಡ್ತೀವಿ. ಮುಂದಿನ ಸಲ ಏಳುವಾಗ ಅದನ್ನ ತಡೆಯೋಕೆ ಅವನ ಹತ್ರ ಏನೂ ಇರಲ್ಲ."

ಮನೆಗೆ ಬಂದು ನಿನ್ನ ಕಾಗದ ಮತ್ತೆ ಓದಿದೆ. ಅತ್ತರಿನ ಕಾಗದ.

ಗೌಸು, ನಲವತ್ತು ವರ್ಷ ಮಾರುಕಟ್ಟೆಯಲ್ಲಿ ನೀನು ಯಾವ ರೈತನ ಲಾಟನ್ನೂ ಮೇಲಿನಿಂದ ನೋಡಿ ಬೆಲೆ ಕೂಗಿದವನಲ್ಲ. ತಳಕ್ಕೆ ಕೈ ಹಾಕುತ್ತಿದ್ದೆ, ಒಂದು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳು ಬದುಕಿದೆಯೋ ಇಲ್ಲವೋ ಕೇಳುತ್ತಿದ್ದೆ. ಈಗ ನಿನ್ನದೇ ರಕ್ತವನ್ನು ಮೇಲೆ ಬಿಳಿಗೂಡು ಹರಡಿ ಡಾಕ್ಟರಿಗೆ ತೋರಿಸುತ್ತಿದ್ದೀಯ. ಅವರು ಪಾಪ ರೀಲರ್ ಅಲ್ಲ, ಮೇಲಿನದನ್ನೇ ನೋಡಿ ಬರೆದುಕೊಳ್ಳುತ್ತಿದ್ದಾರೆ.

ಇದು ನನಗೆ ಹೇಗೆ ಹೊಳೆಯಿತು ಎಂದು ಕೇಳಬೇಡ.

ಬೋರ

*

ರಾಮನಗರ
24 ನವೆಂಬರ್ 2024

ಬೋರಲಿಂಗಯ್ಯನವರಿಗೆ,

ನಾನು ಇಲ್ಲಿ ಕ್ಷೇಮ. ಮಾಯಕ್ಕ ಗುಣವಾದದ್ದು ಕೇಳಿ ಸಂತೋಷ.

ಮೇಲೆ ಹರಡುವ ವಿದ್ಯೆಯ ಬಗ್ಗೆ ನನಗೆ ಪಾಠ ಹೇಳಲು ನಿನಗಿಂತ ಯೋಗ್ಯರು ಈ ಜಿಲ್ಲೆಯಲ್ಲಿ ಇರಲಾರರು. ಆ ವಿದ್ಯೆಯಿಂದಲೇ ಅಲ್ಲವೇ ನನ್ನ ಕೈ ಮೊಣಕೈವರೆಗೆ ನಾರಿದ್ದು.

ಇನ್ನು ಬರೆಯಬೇಡ.

ಮಹಮದ್ ಗೌಸ್

*

ಕೈಲಾಂಚ
16 ಜನವರಿ 2025

ಗೌಸು,

ಬರೆಯಬೇಡ ಎಂದೆ. ಏಳು ವಾರ ಬರೆಯಲಿಲ್ಲ. ನಿನ್ನೆ ಸಂಜೆ ಮುನಿಕೃಷ್ಣ ಹೇಳಿದ, "ಗೌಸಣ್ಣ ಈಗ ಬಾಗ್ಲಿಗೇ ಬರಾಕಿಲ್ಲ ಕಣಣ್ಣ, ಹಫೀಜಕ್ಕನೇ ಬತ್ತಾರೆ" ಎಂದು. ಅದಕ್ಕೆ ಬರೆಯುತ್ತಿದ್ದೇನೆ.

ನೀನು ಹೇಳಿದ್ದು ಸರಿ. ತಳದಲ್ಲಿ ಹಸಿ ಗೂಡು ಇಟ್ಟವನು ನಾನೇ.

ಆ ಬೆಳೆಯಲ್ಲಿ ಮಾಯಮ್ಮನಿಗೆ ಮೊದಲ ಸಲ ಉಸಿರು ಕಟ್ಟಿತು. ನಮಗೆ ಅದು ಏನೆಂದು ಗೊತ್ತಿರಲಿಲ್ಲ, ನೆಗಡಿ ಎಂದುಕೊಂಡೆವು. ಹುಳು ಗೂಡು ಕಟ್ಟುವ ಹೊತ್ತಿಗೆ ಅವಳು ಹಾಸಿಗೆ ಹಿಡಿದಳು. ಚಂದ್ರಿಕೆಯ ತಟ್ಟಿಯಿಂದ ಗೂಡು ಬಿಡಿಸಲು ಇನ್ನೂ ಎರಡು ದಿನ ಕಾಯಬೇಕಿತ್ತು. ನಾನೊಬ್ಬನೇ, ತಾಳ್ಮೆ ಕೆಟ್ಟು ಬಿಡಿಸಿಬಿಟ್ಟೆ. ಒಳಗಿನ ಹುಳು ಎಳಸಾಗಿತ್ತು. ಅವನ್ನೆಲ್ಲ ಕ್ರೇಟಿನ ತಳಕ್ಕೆ ಸುರಿದು ಮೇಲೆ ಮೊದಲೇ ಬಲಿತಿದ್ದ ಒಂದು ಮಂಕರಿ ಒಳ್ಳೆ ಗೂಡು ನನ್ನ ಕೈಯಾರೆ ಹರಡಿದೆ. ದಾರಿಯ ಕುಲುಕಾಟಕ್ಕೆ ತಳದ್ದೆಲ್ಲ ಒಡೆದು ರಸ ಬಿಟ್ಟಿತು. ನಿನ್ನ ಕೈ ನಾರಿದ್ದು ಅದಕ್ಕೆ.

ಮಾಯಮ್ಮ ಮಲಗಿದಲ್ಲಿಂದಲೇ ನೋಡಿದಳು.  ನಾಲ್ಕು ವರ್ಷವಾಯಿತು, ಆ ವಿಷಯ ಇನ್ನೂ ಎತ್ತಿಲ್ಲ. ಬೇರೆ ಯಾವ ರೀಲರ್ ಆಗಿದ್ದರೂ ಮೇಲೆ ನೋಡಿ ಕೂಗಿಬಿಡುತ್ತಿದ್ದ. ನನ್ನ ಲಾಟಿಗೆ ನೀನೇ ಬರುತ್ತೀಯ ಎಂದು ನನಗೆ ಗೊತ್ತಿತ್ತು. ಸ್ನೇಹಿತ ತಳಕ್ಕೆ ಕೈ ಹಾಕುವುದಿಲ್ಲ ಎಂದುಕೊಂಡಿದ್ದೆ. ಆ ತಪ್ಪು ಗೂಡಿನದಕ್ಕಿಂತ ದೊಡ್ಡದು.

ಈಗ ನಾನು ತಳ ತೋರಿಸಿದ್ದೇನೆ. ನಿನ್ನ ಹತ್ತಿರ ಒಂದೇ ಒಂದು ಕೇಳುತ್ತೇನೆ. ಮುಂದಿನ ಸಲ ಎದ್ದ ದಿನ, ಮಾತ್ರೆ ನುಂಗದೆ, ಸ್ನಾನ ಮಾಡದೆ, ಹೇಗಿದ್ದೀಯೋ ಹಾಗೇ ಹೋಗು. ಒಲೆ ಹೋದರೆ ಹೋಗಲಿ. ಒಲೆಯ ಮುಂದೆ ಕೂರುವವನೇ ಹೋದರೆ ನಾನು ಯಾರಿಗೆ ಬರೆಯಲಿ?

ಬೋರ

*

ರಾಮನಗರ
11 ಫೆಬ್ರವರಿ 2025

ಬೋರಣ್ಣನವರಿಗೆ ಹಫೀಜಾಳ ಸಲಾಮು.

ನನಗೆ ಇವರ ಹಾಗೆ ಅಲಂಕಾರ ಮಾಡಿ ಬರೆಯಲು ಬರುವುದಿಲ್ಲ. ಇವರು ಆಸ್ಪತ್ರೆಯಲ್ಲಿದ್ದಾರೆ. ಮೂರು ದಿನವಾಯಿತು.

ಶನಿವಾರ ಬೆಳಿಗ್ಗೆ ಬೇಸಿನ್ ಮುಂದೆ ಕೂತಿದ್ದರು. ಎಳೆ ಕಡಿದುಹೋಯಿತು, ಇವರು ತುದಿ ಹುಡುಕಲಿಲ್ಲ. ಕೈ ನೀರಿನಲ್ಲೇ ಇತ್ತು. ನಾನು ಓಡಿ ಬಂದು ಕೈ ಎತ್ತಿದೆ. ಮಾತು ಬರುತ್ತಿರಲಿಲ್ಲ. ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದರು. ಎಂದಿನಂತೆ ನುಂಗುತ್ತಾರೆ ಎಂದು ನೀರು ತಂದೆ. ಪಟ್ಟಿಯನ್ನು ನನ್ನ ಕೈಯಲ್ಲಿಟ್ಟು ಬೆರಳು ಮುಚ್ಚಿದರು. ಆಮೇಲೆ ಗೂಡಿನ ಚೀಲದ ಹಿಂದೆ ಸಿಕ್ಕಿಸಿದ್ದ ನಿಮ್ಮ ಕಾಗದ ತೋರಿಸಿದರು. ನನಗೆ ಅರ್ಥವಾಯಿತು. ಅದನ್ನು ನಾನು ಮೊದಲೇ ಓದಿದ್ದೆ, ಅವರಿಗೆ ಗೊತ್ತಿಲ್ಲ.

ಒದ್ದೆ ಲುಂಗಿಯಲ್ಲೇ ಹೊರಟೆವು. ಮೈಯೆಲ್ಲ ಬೆಂದ ಹುಳುವಿನ ವಾಸನೆ. ಡಾಕ್ಟರಮ್ಮ ರಕ್ತ ತೆಗೆದು, ಔಷಧಿ ಕೊಟ್ಟು, ಮೂಗಿಗೆ ಗಾಳಿ ಹಾಕಿಸಿದರು. ಸ್ವಲ್ಪ ಸುಧಾರಿಸಿದ ಮೇಲೆ, ಆಗಸ್ಟ್‌ನಿಂದ ಹೀಗೆ ಎಷ್ಟು ಸಲ ಆಗಿತ್ತು ಎಂದು ಕೇಳಿದರು. ಇವರು ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ. ಆಗ ಒಂದು ಕೈಯ ಐದು ಬೆರಳೂ ಬಿಚ್ಚಿದರು. ಆಮೇಲೆ ಇನ್ನೊಂದು ಕೈಯಲ್ಲಿ ಒಂದು ಬೆರಳು.

ಡಾಕ್ಟರಮ್ಮ ಬೈಯಲಿಲ್ಲ. ಪುಸ್ತಕದಲ್ಲಿ 'ಉಬ್ಬಸ ಇಲ್ಲ' ಎಂದು ಬರೆದಿದ್ದ ಸಾಲುಗಳನ್ನು ಒಂದೊಂದಾಗಿ ಹೊಡೆದುಹಾಕಿದರು. ಪ್ರತಿ ಸಲ ಗೀಟು ಎಳೆದಾಗಲೂ ಇವರು ಕಣ್ಣು ಮುಚ್ಚುತ್ತಿದ್ದರು.

ದುವಾ ಮಾಡಿ ಅಣ್ಣ.

ಹಫೀಜಾ

*

ರಾಮನಗರ
20 ಮಾರ್ಚ್ 2025

ಸತ್ಯಸಂಧನೂ ತಡವಾಗಿ ಸತ್ಯಸಂಧನಾದವನೂ ಆದ ಬೋರನಿಗೆ,

ಈ ಕಾಗದ ನಾಲ್ಕು ದಿನದಿಂದ ಬರೆಯುತ್ತಿದ್ದೇನೆ. ಬರೆದರೆ ಉಸಿರು ಖರ್ಚಿಲ್ಲ ಎಂದು ಹಿಂದೆ ಜಂಬ ಕೊಚ್ಚಿದ್ದೆ. ತಪ್ಪು. ಇದಕ್ಕೂ ಬೇಕು.

ಹದಿಮೂರು ದಿನ ಇಟ್ಟುಕೊಂಡಿದ್ದರು. ಆ ಶನಿವಾರದ ರಕ್ತದಲ್ಲಿ ನಿನ್ನ ಹೆಂಡತಿಯ ಕಣಗಳಿಗೆ ಸಡ್ಡು ಹೊಡೆಯುವಷ್ಟು ಕಣಗಳು ಇದ್ದವಂತೆ. ಆ ಮಾತ್ರೆ ನನಗೆ ನಾಟುತ್ತದೆ ಎಂದು ಈಗ ಖಚಿತವಾಯಿತು. ಆದರೆ ಗುಟ್ಟಾಗಿ ತಿಂದದ್ದು ಸಾಲದ ಅಳತೆ, ತಿಂದಾಗಲೆಲ್ಲ ಕುರುಹು ಅಳಿಸಿಹಾಕಿದ್ದೆ. ಅದನ್ನು ನಂಬಿ ಅವರು ನನ್ನ ದಿನದ ಔಷಧಿಯನ್ನು ಡಿಸೆಂಬರಿನಲ್ಲಿ ಇಳಿಸಿದ್ದರು. ನನ್ನ ಇಸ್ತ್ರಿ ಅಂಗಿ ನೋಡಿ ಇಳಿಸಿದ್ದು.

ನನ್ನ ಹಳೆಯ ರಕ್ತವನ್ನೆಲ್ಲ ಮೋರಿಗೆ ಚೆಲ್ಲುತ್ತೀರಾ ಎಂದು ಕೇಳಿದೆ. ಇಲ್ಲ, 'ಮಾತ್ರೆಯ ನಂತರದ್ದು' ಎಂದು ಬರೆದು ಬೇರೆ ಇಡುತ್ತೇವೆ ಎಂದರು. ಆಮೇಲೆ ಹೇಳಿದರು: "ರಕ್ತಕ್ಕೆ ಎಲ್ಲ ಗೊತ್ತಿರಲ್ಲ ಗೌಸ್ ಸಾಬ್ರೇ. ಒಸಿ ನೀವೂ ಬಾಯಿಬಿಡ್ಬೇಕು." ಒಸಿ ಎನ್ನುವ ಮಾತು ಅವರ ಬಾಯಲ್ಲಿ ಕೇಳಿ ನಗು ಬಂತು. ನಗಲು ಆಗಲಿಲ್ಲ.

ಹೋದ ಶ್ವಾಸಕೋಶ ಹಿಂದೆ ಬರುವುದಿಲ್ಲವಂತೆ. ಇದ್ದಷ್ಟನ್ನು ಕಾಯಬೇಕು. ಒಲೆ ಆರಿಸಿದೆವು. ಬೇಸಿನ್ನಿನಲ್ಲಿ ಹಫೀಜಾ ಕೊತ್ತಂಬರಿ ಬಿತ್ತುತ್ತೇನೆ ಎನ್ನುತ್ತಿದ್ದಾಳೆ. ಬೆಳಿಗ್ಗೆ ಎದ್ದ ಕೂಡಲೇ ಬೆರಳು ನೀರು ಹುಡುಕುತ್ತವೆ. ಚಹಾದ ಲೋಟಕ್ಕೆ ಅದ್ದಿಬಿಡುತ್ತೇನೋ ಎಂದು ಭಯ.

ನೀನು ಆಸ್ಪತ್ರೆಗೆ ಬಂದು ವಾರ್ಡಿನ ಬಾಗಿಲಲ್ಲೇ ನಿಂತು ಹೋದೆಯಂತೆ. ನಾನು ಎಚ್ಚರವಾಗಿದ್ದೆ. ಕರೆಯಲು ಉಸಿರಿರಲಿಲ್ಲ.

ನಾನು ಕ್ಷೇಮ ಎಂದು ಈ ಸಲ ಮೇಲೆ ಬರೆದಿಲ್ಲ. ಗಮನಿಸಿರುತ್ತೀಯ.

ಗೌಸ್

*

ಕೈಲಾಂಚ
2 ಏಪ್ರಿಲ್ 2025

ಗೌಸು,

ಗಮನಿಸಿದೆ.

ಬಾಗಿಲವರೆಗೆ ಬಂದವನಿಗೆ ಒಳಗೆ ಕಾಲು ಬರಲಿಲ್ಲ. ಮೂಗಿನಲ್ಲಿ ಆ ನಳಿಗೆ, ನಿನ್ನ ಬೆತ್ತಲೆ ಭುಜ. ಮಾಯಮ್ಮ ಹೇಳಿದ್ದು ಕಣ್ಣಾರೆ ಕಂಡೆ. ಹೊರಗೆ ಬಂದು ನಲ್ಲಿಯ ಹತ್ತಿರ ಮುಖ ತೊಳೆದುಕೊಂಡು ಬಸ್ ಹತ್ತಿದೆ.

ಮುನಿಕೃಷ್ಣನ ಕೈಲಿ ಒಂದು ಮಂಕರಿ ಕಳಿಸಿದ್ದೇನೆ. ಈ ಬೆಳೆಯ ಗೂಡು. ಮಾರಲಿಕ್ಕಲ್ಲ, ನಿನ್ನ ಬೆರಳಿಗೆ ಕೆಲಸವಿರಲಿ ಎಂದು. ಕಲೆಯಾದದ್ದು, ತೆಳುವಾದದ್ದು ಎಲ್ಲ ಮೇಲೆಯೇ ಹಾಕಿದ್ದೇನೆ. ಒಳ್ಳೆಯದು ತಳದಲ್ಲಿದೆ. ಕೈ ಹಾಕಿ ನೋಡು.

ಮಾಯಮ್ಮ ಇದನ್ನು ತುಂಬುವಾಗ ಪಕ್ಕದಲ್ಲಿ ಕೂತಿದ್ದಳು. ನಾಲ್ಕು ವರ್ಷದ ಮೇಲೆ ಆ ವಿಷಯ ಮಾತಾಡಿದಳು. "ಈಗ ಸರಿ ಸುರ್ದೆ ನೋಡು" ಎಂದಳು, ಅಷ್ಟೇ.

ಬೋರ

*

ರಾಮನಗರ
19 ಜೂನ್ 2025, ಬೆಳಿಗ್ಗೆ

ಬೋರ,

ನಾನು ಇಲ್ಲಿ ಕ್ಷೇಮವಾಗಿಲ್ಲ.

ಎದ್ದಾಗಿನಿಂದ ಎದೆ ಬಿಗಿ. ಕಫದ ಬಣ್ಣ ಬದಲಾಗಿದೆ. ಬಾಗಿಲಿನಿಂದ ಕಟ್ಟೆಯವರೆಗೆ ಎರಡು ಸಲ ನಿಂತೆ. ಮಾತ್ರೆ ಪೆಟ್ಟಿಗೆಯಲ್ಲೇ ಇದೆ, ಮುಟ್ಟಿಲ್ಲ. ಸ್ನಾನ ಇಲ್ಲ, ಅತ್ತರು ಇಲ್ಲ. ಹಫೀಜಾ ಆಸ್ಪತ್ರೆಯ ಚೀಟಿ ಹಿಡಿದು ಪಕ್ಕದಲ್ಲಿದ್ದಾಳೆ.

ಮುನಿಕೃಷ್ಣನ ಆಟೋ ಬಾಗಿಲಲ್ಲಿದೆ. ನನ್ನನ್ನು ಆಸ್ಪತ್ರೆಯಲ್ಲಿ ಇಳಿಸಿ ಇದನ್ನು ನಿನಗೆ ತಲುಪಿಸುತ್ತಾನೆ. ಅದೇ ಆಟೋದಲ್ಲಿ ಬಾ. ಈ ಸಲ ಒಳಗೆ ಬಾ.

ಉಳಿದದ್ದು ಬಾಯಲ್ಲೇ ಹೇಳುತ್ತೇನೆ. ಉಸಿರಿರುವಷ್ಟು ಮೂರು ಮಾತು ನನ್ನದು, ಆಮೇಲಿನದು ನೀನು ಮುಗಿಸು.

ಗೌಸ್